ಠಾಣೆಯಲ್ಲಿದ್ದ ಕೋವಿ

ಅಪ್ಪ ತೀರಿಕೊಂಡ ಮೇಲೆ ಅವರ ಜೋಡುನಳಿಗೆ ಕೋವಿಯ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಬೋಗಾದಿಯಲ್ಲಿ ಹೊಲ ಮಾಡುತ್ತಿದ್ದ ಅವರಿಗೆ ಹಂದಿ ಹೆದರಿಸಲು ಅದು ಬೇಕಿತ್ತು. ಜಯಲಕ್ಷ್ಮಿಪುರದ ಬಾಡಿಗೆ ಮನೆಯಲ್ಲಿದ್ದುಕೊಂಡು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದ ನನಗೆ ಯಾಕೆ ಬೇಕಿತ್ತೋ! ಆವರೆಗೆ ನಾನು ಹೊಡೆದದ್ದು ಒಂದೇ ಈಡು. ಗುರಿ ಇಟ್ಟದ್ದು ತೆಂಗಿನಕಾಯಿಗೆ, ಬಿದ್ದದ್ದು ನಾನು. ಆದರೂ ಭಾನುವಾರ ಬೆಳಿಗ್ಗೆ ಕೋವಿಯನ್ನು ವರಾಂಡಕ್ಕೆ ತಂದು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಬೀದಿಯವರಿಗೆ ಕಾಣುವ ಹಾಗೆ ಕುರ್ಚಿ ಹಾಕಿಕೊಳ್ಳುವುದನ್ನು ಮಾತ್ರ ಮರೆಯುತ್ತಿರಲಿಲ್ಲ.

ಚುನಾವಣೆ ಬಂದಾಗ ಲೈಸೆನ್ಸ್ ಇದ್ದವರು ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ವಾಪಸು ತರಬೇಕಿತ್ತು. ನನಗಿದು ಭಾರಿ ಅವಮಾನ. ತೊಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಹೀಗೆ ಒಪ್ಪಿಸಲು ಹೋದಾಗ, ರಶೀದಿ ಬರೆಯುತ್ತಿದ್ದ ಠಾಣೆಯ ರೈಟರ್ ಎದುರು ಭಾಷಣ ಶುರುಮಾಡಿದೆ.

“ಕೊಲೆ ಮಾಡೋನು ನಿಮ್ಮತ್ರ ಬಂದು ಬಂದೂಕ ಕೊಟ್ಟು ರಶೀದಿ ಇಸ್ಕೋತಾನೇನ್ರೀ? ನನ್ನಂಥ ಮರ್ಯಾದಸ್ಥನ ಕೋವಿ ಕಿತ್ಕೊಂಡ್ರೆ ಯಾರ ಪ್ರಾಣ ಉಳಿಯುತ್ತೆ?”

ಅವರು ತಲೆ ಎತ್ತಲಿಲ್ಲ. “ನಂಗೊತ್ತಿಲ್ಲ ಕಣ್ ಸಾರ್. ಇಲ್ಲೊಂದ್ ಸೈನ್ ಆಕಿ.”

ಅಷ್ಟಕ್ಕೆ ಬಿಡುವವನಲ್ಲ ನಾನು. ಮನೆಗೆ ಬಂದವನೇ ಅದೇ ಮಾತನ್ನು ಉದ್ದ ಮಾಡಿ ಪತ್ರಿಕೆಯ ವಾಚಕರ ವಿಭಾಗಕ್ಕೆ ಪತ್ರ ಬರೆದು ಅಂಚೆಗೆ ಹಾಕಿದೆ.

ನಾಲ್ಕು ದಿನ ಬಿಟ್ಟು ಒಂದು ಮಧ್ಯಾಹ್ನ ತಮ್ಮ ಬಂದ. ಬೋಗಾದಿಯ ಹೊಲವನ್ನು ಬಡಾವಣೆ ಮಾಡುವವರಿಗೆ ಕೊಡುವುದಾಗಿ, ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡು ಬಂದಿದ್ದ. ನಾನು ಅಪ್ಪನ ಬೆವರು, ಮಣ್ಣಿನ ಋಣ ಎಂದೆಲ್ಲ ಕೂಗಾಡಿದೆ.

“ನೀನು ಒಂದ್ ದಿನಾನಾದ್ರೂ ಗುದ್ಲಿ ಮುಟ್ಟಿದ್ದೀಯೇನಣ್ಣ?” ಅಂದ. “ಅಪ್ಪ ಆಸಿಗೆ ಇಡಿದಾಗ ಎತ್ತಿ ಕೂರಿಸಿ, ಬಟ್ಟೆ ಬದಲಾಯಿಸಿದೋನು ನಾನು. ತಿಥಿ ಮುಗಿಸ್ಕೊಂಡು ಕೋವಿ ಎತ್ಕೊಂಡ್ ಓಗ್ಬುಟ್ಟೋನು ನೀನು.”

ಅದು ನಿಜವಾಗಿತ್ತು. ಅದಕ್ಕೇ ತಡೆದುಕೊಳ್ಳಲಾಗಲಿಲ್ಲ. “ಅಲ್ಲೇ ನಿಂತಿರು, ಬಂದೆ” ಎಂದು ಒಳಗೆ ಓಡಿದೆ. ಬೀರು ತೆಗೆದು ಸೀರೆಗಳ ಹಿಂದೆ ಕೈ ಹಾಕಿದೆ, ಕೊಡೆ ಸಿಕ್ಕಿತು. ಡ್ರಾಯರ್ ಎಳೆದೆ. ಠಾಣೆಗೆ ಕೊಡಲು ಮರೆತಿದ್ದ, ಕೋವಿಗೆ ತುಂಬುವ ಎರಡು ತೋಟಾ ಅಲ್ಲಿದ್ದವು. ಅವನ್ನು ಮುಷ್ಟಿಯಲ್ಲಿ ಹಿಡಿದು ಮೂಲೆ ಮೂಲೆ ತಡಕಾಡಿದೆ. ಕೊನೆಗೆ ಬಗ್ಗಿ ಮಂಚದ ಕೆಳಗೆ ತಲೆ ತೂರಿಸಿದಾಗ ರೈಟರ್ ಬರೆದುಕೊಟ್ಟ ರಶೀದಿ ನೆನಪಾಯಿತು.

ಎಷ್ಟು ಹೊತ್ತು ಹಾಗೇ ಇದ್ದೆನೋ. ಹೊರಗೆ ಬಂದಾಗ ಮೊಣಕೈಗೆಲ್ಲ ದೂಳು. ತಮ್ಮ ನನ್ನ ಕೈಯನ್ನೇ ನೋಡುತ್ತಿದ್ದ. ತೋಟಾ ಅಲ್ಲೇ ಇಟ್ಟು ಬರಬೇಕೆಂಬ ಬುದ್ಧಿಯೂ ನನಗಿರಲಿಲ್ಲ.

“ಕೋವಿ ಎಲ್ಲಣ್ಣ?” ಮೆಲ್ಲಗೆ ಕೇಳಿದ.

“ಸ್ಟೇಷನ್ನಲ್ಲಿದೆ. ಎಲೆಕ್ಷನ್ನು.”

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ನಾನೂ ಪಕ್ಕದಲ್ಲೇ ಕೂತೆ. ಅಡುಗೆಮನೆಯಿಂದ ಬಂದ ಹೆಂಡತಿ ನನ್ನ ಬೆರಳು ಬಿಡಿಸಿ ತೋಟಾ ತೆಗೆದುಕೊಂಡಳು. “ಇದನ್ನೂ ಈಗ್ಲೇ ಹೋಗಿ ಕೊಟ್ಬುಟ್ ಬನ್ನಿ” ಎಂದಳು, ಅಷ್ಟೆ. ಬರೀ ಹೆದರಿಸಲು ಹೋಗಿದ್ದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿಸುವವನಿಗೆ ತೋಟಾ ಯಾಕೆ ಬೇಕಿತ್ತು?

ಎರಡು ದಿನದ ನಂತರ ನನ್ನ ಪತ್ರ ಅಚ್ಚಾಯಿತು. ಎದುರುಮನೆಯ ನಿವೃತ್ತ ಇಂಜಿನಿಯರು ಗೇಟಿನವರೆಗೂ ಬಂದು ಕೈಕುಲುಕಿದರು. “ಸರಿಯಾಗಿ ಬರ್ದಿದ್ದೀರಿ ಕಣ್ರೀ! ಮರ್ಯಾದಸ್ಥರ ಕೋವಿಯಿಂದ ಯಾರಿಗೇನ್ರೀ ಅಪಾಯ?” ನಾನು ಹಲ್ಲುಕಿರಿದೆ. ಹೆಂಡತಿ ಆ ಪುಟವನ್ನು ಮಡಚಿ ತರಕಾರಿ ಬುಟ್ಟಿಯ ತಳಕ್ಕೆ ಹಾಸಿದಳು.

ಚುನಾವಣೆ ಮುಗಿದರೂ ನಾನು ಕೋವಿ ತರಲು ಹೋಗಲಿಲ್ಲ. ಠಾಣೆಯಿಂದ ಹೇಳಿ ಕಳಿಸಿದಾಗ, ಲೈಸೆನ್ಸೇ ಬೇಡವೆಂದು ಅರ್ಜಿ ಹಿಡಿದು ಹೋದೆ. ಕಾರಣ ಬರೆಯುವ ಕಡೆ ‘ವಯಸ್ಸಾಯಿತು’ ಎಂದಿದ್ದೆ. ಆಗ ನನಗೆ ನಲವತ್ತೆರಡು. ರೈಟರ್ ಅರ್ಜಿಯನ್ನೂ ನನ್ನನ್ನೂ ನೋಡಿ ಮೊಹರು ಹಾಕಿದರು. ಹೊಲವೂ ಬಡಾವಣೆಯಾಯಿತು. ಸಹಿ ಹಾಕುವ ದಿನ ತಮ್ಮನ ಸ್ಕೂಟರಿನ ಹಿಂದೆ ಕೂತು ನಾನೇ ಹೋಗಿದ್ದೆ.

ಎಷ್ಟೋ ವರ್ಷದ ಮೇಲೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ: ಬಂದೂಕಿನ ಮೇಲೆ ಕಾನೂನು ಬಿಗಿ ಮಾಡಿದರೆ ಗುಂಡೇಟಿನ ಸಾವು ಕಡಿಮೆಯಾಗುತ್ತದೆಯೇ? ತೀರ್ಪುಗಾರ ನಾನು. ವಿರೋಧವಾಗಿ ಮಾತಾಡಿದ ಹುಡುಗಿ ನನ್ನ ಹಳೆಯ ವಾದವನ್ನೇ ನನಗಿಂತ ಚೆನ್ನಾಗಿ ಮಂಡಿಸಿದಳು. ಮೊದಲ ಬಹುಮಾನ ಅವಳಿಗೇ ಕೊಟ್ಟೆ.

“ನೀವೇನಂತೀರಿ ಸಾರ್?” ಎಂದು ಹುಡುಗರು ಕೇಳಿದರು.

“ದೇಶದ ಲೆಕ್ಕ ನನಗೆ ಗೊತ್ತಿಲ್ಲಪ್ಪ. ಒಂದು ಮನೆಯಲ್ಲಿ ಮಾತ್ರ ಕಡಿಮೆಯಾಯ್ತು.”

ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಆವತ್ತು ತಮ್ಮ ಊಟಕ್ಕೆ ಬರುವವನಿದ್ದ, ಬೇಗ ಹೊರಟೆ.