ಮಾನಮ್ಮ ಮತ್ತು ಅರ್ಧ ಸೆಕೆಂಡಿನ ದೇವರು

ಬೆಳಗಿನ ಆರೂವರೆ. ಪುಣೆಯ ಎರಂಡವಣೆಯ ಹಳೆಯ ಮನೆಯೊಂದರ ಹಿಂದಿನ ಕೋಣೆಯಲ್ಲಿ ಮಾನಮ್ಮ ಚಪ್ಪಲಿ ಹೊರಗೆ ಬಿಟ್ಟು ಕೆಲಸಕ್ಕೆ ಕೂತಿದ್ದಾರೆ. ಮೇಜಿನ ಮೇಲೆ ಎರಡು ಚಕ್ರ, ನಡುವೆ ಕೆಳಗಿನಿಂದ ದೀಪ ಉರಿಯುವ ಗಾಜು. ಬಲಗೈ ಚಕ್ರ ತಿರುಗಿಸಿದಂತೆ ಹಳೆಯ ಫಿಲ್ಮು ಎಡಗೈ ಬೆರಳುಗಳ ನಡುವೆ ಹರಿಯುತ್ತದೆ. ಹರಿದ ಅಂಚು ಮೊದಲು ಬೆರಳಿಗೆ ತಿಳಿಯುತ್ತದೆ, ಕಣ್ಣಿಗೆ ಆಮೇಲೆ. “ಬಿಸಿಲು ಏರಿತಂದ್ರ ಫಿಲ್ಮ್ ಒಂದಕ್ಕೊಂದು ಅಂಟತದ್ರಿ. ಅದಕ್ಕ ನಸುಕಿನ್ಯಾಗ ಬರ್ತೀನಿ.”

ಮನೆ ಧಾರವಾಡ ಮೂಲದ ನಿವೃತ್ತ ವೈದ್ಯ ಮಧುಕರ ಅವರದು. ಹಳೆಯ ಚಿತ್ರಗಳ ಡಬ್ಬಿ ಕೂಡಿಹಾಕುವುದು ಅವರ ಹುಚ್ಚು. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದ ಮಾನಮ್ಮ ಹತ್ತೊಂಬತ್ತು ವರ್ಷಗಳ ಹಿಂದೆ ಈ ಮನೆಗೆ ಕಸಮುಸುರೆಗೆ ಸೇರಿದರು. ಒಂದು ದಿನ ಕಸ ಗುಡಿಸುತ್ತ, ಬಿಚ್ಚಿಟ್ಟಿದ್ದ ಫಿಲ್ಮಿನ ಅಂಚು ನೋಡಿ, “ಸಾಹೇಬ್ರ, ಇದರ ತೂತು ಹರದಾವ. ಹಿಂಗ ಬಿಟ್ರ ಮಶೀನಿನ್ಯಾಗ ಸಿಕ್ಕೊಳ್ತದ” ಅಂದರಂತೆ. ಡಾಕ್ಟರು ದಂಗಾದರು. ಮಾನಮ್ಮನ ಅಪ್ಪ ಅಂಬಾರಾಯ ಟೆಂಟ್ ಸಿನಿಮಾದಲ್ಲಿ ಮಶೀನು ನಡೆಸುತ್ತಿದ್ದವರು. ಅವರ ಮಗ್ಗುಲಲ್ಲೇ ಕೂತು ಕಲಿತ ವಿದ್ಯೆ ಅದು. ಅಂದಿನಿಂದ ಪೊರಕೆ ಬೇರೆಯವರ ಕೈಗೆ ಹೋಯಿತು. ಈಗ ದಿನಕ್ಕೆ ಎರಡು ರೀಲು ರಿಪೇರಿ, ತೀರಾ ಹದಗೆಟ್ಟದ್ದಾದರೆ ಒಂದೇ.

ಅವರ ಕೈಯಲ್ಲಿ ಹೆಚ್ಚಾಗಿ ಹಾದುಹೋಗುವುದು ಭಕ್ತಿಚಿತ್ರಗಳು. ನಮ್ಮ ಕಾಲದ ಆ ಪೂಜಾರಿಗಳು ನಿಮಗೂ ನೆನಪಿರಬೇಕು: ಭಕ್ತನ ಮುಖಕ್ಕೇ ಗರ್ಭಗುಡಿಯ ಬಾಗಿಲು ಹಾಕಿ, ಕೊನೆಯಲ್ಲಿ ದೇವರನ್ನು ಕಂಡು ಗಡಗಡ ನಡುಗಿ ಕಾಲಿಗೆ ಬೀಳುವವರು. ಆ ಹೊತ್ತಿಗೆ ಟೆಂಟಿನಲ್ಲಿ ಕರ್ಪೂರ ಹಚ್ಚುತ್ತಿದ್ದ ನನ್ನಜ್ಜಿ, ಪೂಜಾರಿಗೆ ಮಾತ್ರ ಮನೆತನಕ ಶಾಪ ಹಾಕುತ್ತಿದ್ದಳು. ಆ ಅಜ್ಜಿ, ಆ ಕರ್ಪೂರದ ವಾಸನೆ, ಎಲ್ಲ ಬೇಕೆನಿಸುತ್ತದೆ ಈಗ.

“ದೇವರು ಪ್ರತ್ಯಕ್ಷ ಆಗೋ ಜಾಗಾನ ಕತ್ತರಿಸಿರ್ತಾರ್ರಿ” ಎನ್ನುತ್ತಾರೆ ಮಾನಮ್ಮ. ಮಶೀನು ನಡೆಸುವವರು ದೇವರಿರುವ ಗೇಣುದ್ದ ಫಿಲ್ಮು ಕತ್ತರಿಸಿ, ಫೋಟೋದಂತೆ ಗಾಜಿನ ಕಟ್ಟು ಹಾಕಿಸಿ ದೇವರ ಜಗಲಿಯ ಮೇಲಿಟ್ಟು ಪೂಜಿಸುತ್ತಿದ್ದರಂತೆ. “ದೇವರನ್ನ ಎಲ್ಲಾರೂ ಮನಿಗೆ ಒಯ್ದಾರ. ಪೂಜಾರಿನ್ನ ಒಬ್ಬರೂ ಒಯ್ದಿಲ್ಲ ನೋಡ್ರಿ!” ಎಂದು ನಗುತ್ತಾರೆ.

ಆ ನಗು ಕಳೆದ ತಿಂಗಳು ನಿಂತುಹೋಗಿತ್ತು. ಮೊದಲ ರೀಲೇ ಇಲ್ಲದ, ಹಾಗಾಗಿ ಹೆಸರೂ ತಿಳಿಯದ ಕಪ್ಪುಬಿಳುಪು ಚಿತ್ರವೊಂದು ಬಂತು. ಅದರಲ್ಲಿ ಪೂಜಾರಿ ಬಾಗಿಲು ಹಾಕುತ್ತಾನೆ, ತಿರುಗುತ್ತಾನೆ, ಫಿಲ್ಮು ಜಿಗಿಯುತ್ತದೆ, ಅಷ್ಟರಲ್ಲಿ ನೆಲಕ್ಕೆ ಬಿದ್ದಿದ್ದಾನೆ. ಯಾರ ಕಾಲಿಗೆ ಬಿದ್ದ? ದೇವರೇ ಇಲ್ಲ.

ಪೂಜಾರಿಯ ಮಗ್ಗುಲಲ್ಲಿ ಫಿಲ್ಮಿನ ಉದ್ದಕ್ಕೂ ಒಂದು ಗೀರಿತ್ತು. ಅದನ್ನು ಕಂಡು ಮಾನಮ್ಮನ ಕೈ ನಿಂತಿತು. “ನಮ್ಮಪ್ಪ ಕೊಯ್ದು ತಂದ ಶಿವ ನಮ್ಮ ಜಗಲಿ ಮ್ಯಾಲ ಇದ್ದಾನ್ರಿ. ಅವನ ಮಗ್ಗಲಕ್ಕೂ ಅದೇ ಗೀರು! ಸಣ್ಣಾಕಿ ಇದ್ದಾಗಿಂದ ನಾ ಅದನ್ನ ತ್ರಿಶೂಲದ ಕೋಲು ಅಂತಾನ ತಿಳ್ಕೊಂಡು ಕೈ ಮುಗೀತಿದ್ದೆ.”

ಅಪ್ಪ ಹೋಗಿ ಬಹಳ ವರ್ಷವಾಯಿತು. ಮಗಳ ಜೊತೆಗೇ ಇರುವ ತಾಯಿ ಶರಣಮ್ಮನಿಗೆ ಆ ಕಟ್ಟೇ ದೇವರು, ಅದೇ ಗಂಡನ ಗುರುತು. ದಿನಾ ಕುಂಕುಮ ಹಚ್ಚದೆ ಆಕೆ ಚಹಾ ಕುಡಿಯುವುದಿಲ್ಲ. ಅದನ್ನು ಬಿಚ್ಚಿ ಕೊಡು ಎಂದು ಕೇಳುವುದು ಹೇಗೆ? ಮಾನಮ್ಮ ಎಂಟು ದಿನ ಬಾಯಿ ಬಿಡಲಿಲ್ಲ. ಕೊನೆಗೆ ಕೇಳಿದಾಗ ಮುದುಕಿ, “ನಲವತ್ನಾಕು ವರ್ಷ ನಮ್ಮನ್ಯಾಗ ಇದ್ದಾನ. ಅವಂಗೂ ತನ್ನ ಊರ ನೆನಪ ಆಗಿರ್ತದ. ಕಳಸವ್ವ” ಅಂದಳಂತೆ.

ಹೋದ ವಾರ ಆ ಗೇಣುದ್ದದ ಫಿಲ್ಮು ತನ್ನ ಜಾಗಕ್ಕೆ ಸೇರಿತು. ಹನ್ನೆರಡು ಚೌಕ, ತೆರೆಯ ಮೇಲೆ ಅರ್ಧ ಸೆಕೆಂಡು. ಖಾಲಿ ಕಟ್ಟು ಇನ್ನೂ ಜಗಲಿಯ ಮೇಲಿದೆ. ಶರಣಮ್ಮ ಅದಕ್ಕೇ ಕುಂಕುಮ ಹಚ್ಚುತ್ತಾಳೆ.

ಬರುವ ಭಾನುವಾರ ಡಾಕ್ಟರು ತಮ್ಮ ಪಡಸಾಲೆಯಲ್ಲಿ ಆ ಚಿತ್ರ ತೋರಿಸಲಿದ್ದಾರೆ. ನಿಮಗೇನು ಆಸೆ ಎಂದು ಕೇಳಿದರೆ ಮಾನಮ್ಮ ಚಕ್ರದಿಂದ ಕಣ್ಣೆತ್ತುವುದಿಲ್ಲ.

“ನಮ್ಮವ್ವನ್ನ ಮುಂದಿನ ಕುರ್ಚಿ ಮ್ಯಾಲ ಕೂಡಿಸ್ಬೇಕ್ರಿ. ಪೂಜಾರಿ ತಿರುಗಿದ ಕೂಡ್ಲೇ ಕಣ್ಣು ಮಿಟುಕಿಸಬ್ಯಾಡವ್ವ ಅಂತ ಈಗಿಂದಾನ ಹೇಳ್ಲಿಕತ್ತೀನಿ.”