ಹಡಗಿಗೆ ಹೆದರಿದ ಸಿಲ್ವೆಸ್ತ್ರೆ

ಕೊಯೊವಾಕಾನಿನ ಉಣ್ಣೆ ಕಾರ್ಖಾನೆಗೆ ಒಂದೇ ಬಾಗಿಲು. ಒಳಗಿನ ಗುಲಾಮರ ಪಾಲಿಗೆ ಅದು ತೆರೆಯುತ್ತಿದ್ದದ್ದು ಹೆಣ ಹೊರುವಾಗ ಮಾತ್ರ. ಮುಳ್ಳುಹಲಗೆಯಲ್ಲಿ ಉಣ್ಣೆ ಹಿಂಜುತ್ತ ಸಿಲ್ವೆಸ್ತ್ರೆ ಅಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದ್ದ. ಸಮುದ್ರದಾಚೆಯ ಮನಿಲಾ ಕಡೆಯವನು, ಎಡಗೆನ್ನೆಯ ಮೇಲೆ ಧಣಿಯ ಹೆಸರಿನ ಬರೆ. ಬರುವಾಗ ಹಡಗಿನಲ್ಲಿ ಅವನೂ ಅವನ ತಮ್ಮನೂ ಒಂದೇ ಸರಪಳಿಯಲ್ಲಿದ್ದರು. ತಮ್ಮ ಸತ್ತು ಎರಡು ದಿನವಾದರೂ ಯಾರೂ ಬಿಚ್ಚಲಿಲ್ಲ. ಅಂದಿನಿಂದ ತೊಟ್ಟಿಯ ನೀರು ತುಳುಕಿದರೂ ಅವನು ಕಿವಿ ಮುಚ್ಚಿಕೊಳ್ಳುತ್ತಿದ್ದ.

ಹೀಗಿರುವಾಗ ರಾಣಿಯ ಆಜ್ಞೆ ಬಂತು. ಮನಿಲಾ ಹಡಗಿನಲ್ಲಿ ತಂದ ‘ಚೀನೋ’ಗಳು ಇನ್ನು ಯಾರ ಗುಲಾಮರೂ ಅಲ್ಲ; ಗಿನಿಯಿಂದ ತಂದ ಕರಿಯರೂ ಅವರ ಮಕ್ಕಳೂ ಮಾತ್ರ ಗುಲಾಮರಾಗಿಯೇ ಇರಬೇಕು. ನಾಳೆ ಅಧಿಕಾರಿ ಬಂದು ಒಬ್ಬೊಬ್ಬರನ್ನೇ ವಿಚಾರಿಸುತ್ತಾನೆ.

ಮೇಸ್ತ್ರಿ ಬೆರ್ನಾಬೆ ಚಾವಟಿ ಮಡಚಿಕೊಂಡು ಪಕ್ಕದಲ್ಲಿ ಕುಕ್ಕರಿಸಿದ. “ಏನ್ಲಾ ಮುದುಕ, ಗಂಟು ಕಟ್ಟಿದ್ಯಾ? ಚೀನೋ ಅಂದೋರನ್ನೆಲ್ಲ ಹಡಗು ಹತ್ತಿಸಿ ವಾಪಸ್ ಕಳಿಸ್ತಾರಂತೆ. ನಿನ್ ತಮ್ಮ ನೀರಲ್ಲಿ ಕಾಯ್ತಾ ಕೂತಿರ್ತಾನೆ ಬಿಡು.”

ನೂಲುವ ಮೆಲ್ಚೋರಾ ಸಿಲ್ವೆಸ್ತ್ರೆಯ ಸೀಮೆಯವಳೇ. ಮೇಸ್ತ್ರಿ ಅತ್ತ ಹೋದದ್ದೇ ಪಿಸುಗುಟ್ಟಿದಳು: “ಕೇಳ್ಬೇಡಣ್ಣ ಅವನ ಮಾತ. ಹಿಂಜೋ ಕೈ ಕಮ್ಮಿಯಾಗುತ್ತಲ್ಲ, ಅದಕ್ಕೆ ಹೊಟ್ಟೆಯುರಿ. ಮನಿಲಾದೋನು ಅಂತ ಒಂದು ಮಾತು ಹೇಳು, ಸಾಕು. ಬೀದೀಲಿ ನಿಂತು ಬಿಸಿ ತಮಾಲೆ ಕಡುಬು ತಿನ್ನೋಣ.”

“ಹಡಗು ಹತ್ತಿಸಿದ್ರೆ?”

“ಹತ್ತಿಸಿದ್ರೆ ನನ್ ತಲೆ ಮೇಲೆ ಕಾಲಿಟ್ಟು ಇಳಿ.”

ಬೆಳಿಗ್ಗೆ ಅಧಿಕಾರಿ ಬಂದ. ಸಿಲ್ವೆಸ್ತ್ರೆಯ ಸರದಿ ಬಂದಾಗ ಬೆರ್ನಾಬೆ ಉಣ್ಣೆ ತೊಳೆಯುವ ತೊಟ್ಟಿಯಲ್ಲಿ ಸುಮ್ಮನೆ ಕೋಲಾಡಿಸಿದ. ತಳಕ್, ಪಳಕ್.

“ಹುಟ್ಟಿದ್ದೆಲ್ಲಿ?”

“ಇಲ್ಲೇ, ಪ್ವೆಬ್ಲಾ ಊರಲ್ಲಿ, ಸ್ವಾಮಿ. ನಮ್ಮವ್ವನ್ನ ಗಿನಿಯಿಂದ ಗುಲಾಮಳಾಗಿ ತಂದಿದ್ರು.”

“ಸುಳ್ಳು ಸ್ವಾಮಿ, ಅವನು ನಮ್ಮೋನು,” ಮೆಲ್ಚೋರಾ ಮುಂದೆ ನುಗ್ಗಿದಳು.

“ಅವನ ತಾಯಿ ಯಾರಂತ ಅವನಿಗಿಂತ ನಿನಗೆ ಚೆನ್ನಾಗಿ ಗೊತ್ತೇನು?” ಎಂದ ಅಧಿಕಾರಿ. ಗುಮಾಸ್ತ ಬರೆದುಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೆಲ್ಚೋರಾ ಸೇರಿ ಏಳು ಜನ ಚೀನೋಗಳು ಹೊರಗೆ ನಡೆದರು. ತೆರೆದ ಬಾಗಿಲಲ್ಲಿ ಹಡಗಿರಲಿಲ್ಲ. ಬೀದಿಯಿತ್ತು, ಧೂಳಿತ್ತು, ಒಂದು ಕತ್ತೆ ನಿಂತಿತ್ತು. ಬಾಗಿಲು ಮುಚ್ಚಿತು.

ಬೆರ್ನಾಬೆ ಕಣ್ಣಲ್ಲಿ ನೀರು ಬರುವಂತೆ ನಕ್ಕ. “ಹಡಗು ಎಲ್ಲಿಂದ ಬರ್ಬೇಕೋ ಪೆದ್ದ, ಸಮುದ್ರ ಹದಿನೈದು ದಿನದ ದಾರಿ.” ಮುಳ್ಳುಹಲಗೆಯನ್ನು ಸಿಲ್ವೆಸ್ತ್ರೆಯ ಮಡಿಲಿಗೆಸೆದ.

ಮೆಲ್ಚೋರಾ ಅದೇ ಗೋಡೆಯಾಚೆ ತಮಾಲೆ ಮಾರಲು ಕೂತಳು. ದಿನಾ ಬೆಳಿಗ್ಗೆ ನೀರು ಹರಿಯುವ ಕಂಡಿಯಲ್ಲಿ ಒಂದನ್ನು ಒಳಗೆ ತಳ್ಳುತ್ತಿದ್ದಳು. ಬೆರ್ನಾಬೆ ಅದನ್ನೆತ್ತಿ, ಸಿಲ್ವೆಸ್ತ್ರೆಯ ಮುಂದೆಯೇ ಜೋಳದ ಎಲೆ ಬಿಚ್ಚಿ ತಿನ್ನುತ್ತಿದ್ದ.

“ಅಣ್ಣಾ, ತಿಂದ್ಯಾ?” ಹೊರಗಿನಿಂದ ಕೂಗು.

“ತಿಂದೆ ತಂಗೀ,” ಎನ್ನುತ್ತಿದ್ದ ಸಿಲ್ವೆಸ್ತ್ರೆ, ಹಿಂಜುತ್ತಲೇ.