ಧನಲಕ್ಷ್ಮಿ ಸಿಸ್ಟರ್ ಅವರ ಬಲಗೈ

ಭದ್ರಾವತಿಯ ಜನ್ನಾಪುರದಲ್ಲಿ ಧನಲಕ್ಷ್ಮಿಯವರನ್ನು ಯಾರೂ ಬರೀ ಹೆಸರು ಹಿಡಿದು ಕರೆದವರಲ್ಲ. ತರಕಾರಿ ಗಾಡಿಯವನಿಗೂ ಅವರು ಸಿಸ್ಟರೇ, ಎದುರುಮನೆಯ ಮಗುವಿಗೂ ಸಿಸ್ಟರೇ. ಅವರಪ್ಪ ಸೇಲಂ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ಮನೆಯೊಳಗೆ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ನರ್ಸಿಂಗ್ ಓದಿ ಕಾರ್ಖಾನೆಯ ಆಸ್ಪತ್ರೆಗೆ ಸೇರಿದ ಧನಲಕ್ಷ್ಮಿ ನಿವೃತ್ತಿಯಾಗುವವರೆಗೂ ಅದೇ ವಾರ್ಡುಗಳಲ್ಲಿ ಓಡಾಡಿದರು. ಆಮೇಲೂ ಜನ ಬಿಡಲಿಲ್ಲ. ಓಣಿಯಲ್ಲಿ ಯಾರನ್ನಾದರೂ ಆಸ್ಪತ್ರೆಗೆ ಸೇರಿಸಬೇಕೆಂದರೆ ಮೊದಲು ಅವರ ಮನೆ ಮುಂದೆ ಆಟೋ ನಿಲ್ಲಿಸಿ, "ಸಿಸ್ಟರ್, ಜೊತೇಲಿ ಬರ್ತೀರಾ? ನೀವಿದ್ರೆ ಒಂದ್ ಧೈರ್ಯ," ಎನ್ನುತ್ತಿದ್ದರು.

ನರ ಹುಡುಕುವಾಗ ಅವರಿಗೆ ಅವಸರವೆಂಬುದೇ ಇರಲಿಲ್ಲ. ರೋಗಿಯ ಪಕ್ಕದಲ್ಲಿ ಕೂತು, ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಮಕ್ಕಳ ಓದು, ಮನೆ ಅಡುಗೆ ಅಂತ ಏನೋ ಮಾತಾಡಿಸುತ್ತ, ಬೆಚ್ಚನೆಯ ಬಟ್ಟೆ ಸುತ್ತಿ ಕಾಯುತ್ತಿದ್ದರು. ಸೂಜಿ ಒಳಗೆ ಹೋದ ಮೇಲೆ ಬರೀ ಸಲೈನನ್ನು ಸ್ವಲ್ಪವೇ ಬಿಟ್ಟು ಚರ್ಮವನ್ನು ದಿಟ್ಟಿಸಿ ನೋಡುತ್ತಿದ್ದರು. ಊದಲಿಲ್ಲ, ತಣ್ಣಗಾಗಲಿಲ್ಲ, ರೋಗಿ ಉರಿ ಎನ್ನಲಿಲ್ಲ ಎಂದ ಮೇಲೆಯೇ ಔಷಧಿ. "ಚುಚ್ಚೋದು ಅರ್ಧ ಕೆಲಸ ಕಣ್ರೇ," ಎಂದು ಹೊಸ ಹುಡುಗಿಯರಿಗೆ ಹೇಳುತ್ತಿದ್ದರು. "ಹೋಗ್ತಾ ಬರ್ತಾ ನೋಡ್ತಿರೋದು ಇನ್ನರ್ಧ. ಬಾಟ್ಲಲ್ಲಿ ಹನಿ ಬೀಳ್ತಿದೆ ಅಂದ ಮಾತ್ರಕ್ಕೆ ನರದೊಳಗೇ ಹೋಗ್ತಿದೆ ಅಂತಲ್ಲ."

ಹೋದ ವರ್ಷ ಒಂದು ಬೆಳಗ್ಗೆ ಸಾಂಬಾರಿಗೆ ನುಗ್ಗೇಕಾಯಿ ಹೆಚ್ಚುತ್ತ ಕೂತಿದ್ದಾಗ ಅವರ ಬಲಗೈಯಿಂದ ಚಾಕು ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಾತು ಕೇಳಲಿಲ್ಲ. ಏನಾಗುತ್ತಿದೆಯೆಂದು ಅವರಿಗೆ ಆ ಕ್ಷಣವೇ ಗೊತ್ತಾಯಿತು. ಸೊಸೆಯನ್ನು ಕೂಗಿ, ಲಕ್ವ ಹೊಡೀತಿದೆ, ಬೇಗ ಗಾಡಿ ತೆಗೆಸು ಎನ್ನಬೇಕೆಂದು ಬಾಯಿ ತೆರೆದರು. ಬಂದದ್ದು ಒಂದೇ ಮಾತು.

"ಆಯ್ತು."

ಸೊಸೆ ಇಂಪನಾ ಒಳಗಿನಿಂದಲೇ, "ಆಯ್ತಾ ಅತ್ತೆ? ತಗೊಂಡ್ ಬನ್ನಿ," ಎಂದಳು. ಅವಳು ಹೊರಗೆ ಬಂದು ನೋಡುವಷ್ಟರಲ್ಲಿ ಅತ್ತೆ ಗೋಡೆಗೆ ವಾಲಿಕೊಂಡು, ಬಾಯಿ ಒಂದು ಕಡೆಗೆ ಸೊಟ್ಟಗಾಗಿ, "ಆಯ್ತು, ಆಯ್ತು, ಆಯ್ತು," ಎನ್ನುತ್ತಿದ್ದರು.

ಮಗ ಮುರಳಿ ಸೋಗಾನೆಯ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವವನು. ಅವತ್ತು ಪುಣ್ಯಕ್ಕೆ ಮನೆಯಲ್ಲಿದ್ದ. ಹಿಂದಿನ ಸೀಟಿನಲ್ಲಿ ಅಮ್ಮನನ್ನು ಮಲಗಿಸಿ ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿಗೆ ತಂದ. ಡಾಕ್ಟರು ಶಿವಯೋಗಿ ಸ್ಕ್ಯಾನ್ ನೋಡಿ ಹೇಳಿದರು: "ಮೆದುಳಿನ ಎಡಭಾಗಕ್ಕೆ ರಕ್ತ ಹೋಗ್ತಿಲ್ಲ. ಬಲಗಡೆ ಸ್ವಾಧೀನ ತಪ್ಪಿದೆ, ಸ್ಪರ್ಶ ಇಲ್ಲ. ಮಾತೂ ಹೋಗಿದೆ. ನಾವು ಹೇಳೋದು ಅವರಿಗೆ ಅರ್ಥ ಆಗ್ತಿದೆಯೋ ಇಲ್ವೋ, ಈಗ್ಲೇ ಹೇಳೋಕಾಗಲ್ಲ."

ಅರ್ಥವಾಗುತ್ತಿತ್ತು. ಪ್ರತಿಯೊಂದು ಮಾತೂ ಅರ್ಥವಾಗುತ್ತಿತ್ತು. ಅದನ್ನು ತಿಳಿಸಲೆಂದು ಧನಲಕ್ಷ್ಮಿ ಎಡಗೈ ಎತ್ತಿ, "ಆಯ್ತು!" ಎಂದರು. ಡಾಕ್ಟರು ಸಮಾಧಾನದಿಂದ ಅವರ ಭುಜ ತಟ್ಟಿ ಮುಂದಿನ ಮಂಚಕ್ಕೆ ಹೋದರು.

ಮರುದಿನ ಅವರಿಗೆ ಫಿಟ್ಸ್ ಬಂತು. ಎಚ್ಚರವಾಗಿ ಕಣ್ಣು ಬಿಟ್ಟಾಗ ವಾರ್ಡಿನ ಗಂಡು ನರ್ಸ್, ಬ್ರದರ್ ಅತುಲ್, ನರ ಉಬ್ಬಲೆಂದು ಅವರ ಬಲಗೈಗೆ ಪಟ್ಟಿ ಬಿಗಿಯುತ್ತಿದ್ದ. ಸಣ್ಣ ಪ್ರಾಯದ ಹುಡುಗ, ಕಣ್ಣಿಗೆ ನಿದ್ದೆಯಿಲ್ಲ. ಆ ಮಹಡಿಗೆಲ್ಲ ಅವನೊಬ್ಬನೇ. ಒಂದು ಕಡೆ ಕೈ ಹಾಕಿದರೆ ಇನ್ನೊಂದು ಕಡೆಯಿಂದ ಕೂಗುತ್ತಿದ್ದರು.

"ಡ್ರಿಪ್ ಈ ಕೈಗೇ ಹಾಕ್ತೀನಿ ಮೇಡಂ," ಎಂದು ಅವನು ಇಂಪನಾಗೆ ಹೇಳಿದ. "ಅಜ್ಜಿಗೆ ಇದ್ರಲ್ಲಿ ನೋವೂ ಗೊತ್ತಾಗಲ್ಲ, ಅಲ್ಲಾಡ್ಸೋದೂ ಇಲ್ಲ. ಆ ಕಡೆ ಕೈ ಆದ್ರೆ ಕಿತ್ಕೊಂಡ್ಬಿಡ್ತಾರೆ."

ಸ್ಪರ್ಶ ಸತ್ತ ಕೈಗೆ ಸೂಜಿ ಹಾಕಬಾರದು ಎಂದು ಧನಲಕ್ಷ್ಮಿ ಎಷ್ಟು ಜನಕ್ಕೆ ಹೇಳಿಕೊಟ್ಟಿರಲಿಲ್ಲ! ಉರಿ ಎಂದು ಹೇಳುವ ಕೈಯೇ ಸುಮ್ಮನಾದರೆ ತಪ್ಪು ಗೊತ್ತಾಗುವುದು ಹೇಗೆ? ಅದೂ ಅಂಗೈ ಹಿಂದಿನ ಎಳೆಯಂಥ ನರಕ್ಕೆ, ಅದೂ ಫಿಟ್ಸಿನ ಔಷಧಿ. ಅದು ನರದಿಂದ ಆಚೆ ಹೋದರೆ ಮಾಂಸವನ್ನೇ ಸುಡುವಂಥದ್ದು. ಎಡಗೈ ಚಾಚಿ, ಅದರ ಮೊಣಕೈಯನ್ನು ಹಾಸಿಗೆಗೆ ಕುಟ್ಟಿ ತೋರಿಸಿದರು. ಇಲ್ಲಿಗೆ ಹಾಕು, ಇಲ್ಲಿಗೆ.

"ಆಯ್ತು! ಆಯ್ತು!"

"ಹ್ಞೂಂ ಅಜ್ಜಿ, ಆಯ್ತು, ಮುಗೀತು," ಎಂದ ಅತುಲ್. ಸೂಜಿಯ ಮೇಲೆ ಬಿಳಿ ಪ್ಲಾಸ್ಟರನ್ನು ಸುತ್ತಿ ಸುತ್ತಿ, ಚರ್ಮ ಚೂರೂ ಕಾಣದ ಹಾಗೆ ಅಂಟಿಸಿದ. ಬಾಟಲಿ ಏರಿಸಿ, ನಳಿಕೆಯಲ್ಲಿ ಹನಿ ಬಿಡುವ, ತಡೆಯುವ ಪುಟ್ಟ ಗಾಲಿ ತಿರುಗಿಸಿ ನೋಡಿದ. ಅಷ್ಟರಲ್ಲಿ ಆಚೆಯಿಂದ ಯಾರೋ ಕರೆದರು. ಹೋದ.

ಧನಲಕ್ಷ್ಮಿ ಕತ್ತು ಹೊರಳಿಸಿ ಆ ಕೈಯನ್ನೇ ನೋಡುತ್ತ ಮಲಗಿದರು. ಅದು ಅವರದೇ ಕೈ, ಆದರೆ ಹೊದಿಕೆಯ ಮೇಲೆ ಯಾರೋ ಮರೆತು ಹೋದ ವಸ್ತುವಿನಂತೆ ಬಿದ್ದಿತ್ತು. ಮೊದಲು ಏನೂ ಇರಲಿಲ್ಲ. ಆಮೇಲೆ ಪ್ಲಾಸ್ಟರಿನ ಅಂಚಿನಲ್ಲಿ ಚರ್ಮ ಉಬ್ಬಿಕೊಂಡು ಮಿನುಗತೊಡಗಿತು. ಗೆಣ್ಣುಗಳ ನಡುವಿನ ಗುಳಿ ಮುಚ್ಚಿಹೋಯಿತು. ಮೇಲೆ ಹನಿ ಮಾತ್ರ ನೆಟ್ಟಗೆ ಬೀಳುತ್ತಲೇ ಇತ್ತು.

ನಿಲ್ಲಿಸಬೇಕು, ಮೊದಲು ನಿಲ್ಲಿಸಬೇಕು. ಅವರು ಎಡಗೈಯನ್ನು ಮೈಮೇಲಿಂದ ಚಾಚಿ, ತಡಕಿ ತಡಕಿ ನಳಿಕೆ ಹಿಡಿದು, ಹೆಬ್ಬೆರಳಿನಿಂದ ಆ ಗಾಲಿಯನ್ನು ಒತ್ತಿ ಕೆಳಗೆ ಸರಿಸಿದರು. ಹನಿ ನಿಂತಿತು. ಹಾಸಿಗೆ ಹಿಡಿದ ಮೇಲೆ ಅವರು ಗೆದ್ದ ಕೆಲಸ ಅದೊಂದೇ. ಬೆವತು ಕಣ್ಣು ಮುಚ್ಚಿದರು.

ಕಣ್ಣು ಬಿಟ್ಟಾಗ ಅತುಲ್ ಎದುರಿಗೆ ನಿಂತಿದ್ದ. "ಯಾರ್ ಮೇಡಂ ಬಂದ್ ಮಾಡಿದ್ದು? ಇದು ನಿಲ್ಲಿಸೋ ಹಾಗಿಲ್ಲ, ಮತ್ತೆ ಫಿಟ್ಸ್ ಬಂದ್ರೆ ಜೀವಕ್ಕೇ ಅಪಾಯ," ಎಂದು ಗಾಲಿಯನ್ನು ಮೇಲಕ್ಕೆ ತಳ್ಳಿದ. ಪ್ಲಾಸ್ಟರಿನ ಮೇಲೊಮ್ಮೆ ಕಣ್ಣಾಡಿಸಿದ. "ಲಕ್ವ ಆದ ಕೈ ಸ್ವಲ್ಪ ಊದ್ಕೊಂಡೇ ಇರುತ್ತೆ."

ಧನಲಕ್ಷ್ಮಿ ಮತ್ತೆ ನಳಿಕೆಗೆ ಕೈ ಹಾಕಿದರು. ಇಂಪನಾ ಹಿಡಿದುಕೊಂಡಳು. "ಬೇಡ ಅತ್ತೆ, ಔಷಧಿ ಹೋಗ್ತಿದೆ, ಎಳೀಬಾರ್ದು." ಅವರು ಕೊಸರಿಕೊಂಡರು. ಸೊಸೆಯ ಮುಖಕ್ಕೆ ಏಟು ಬಿತ್ತು.

"ಕಟ್ಟಿಬಿಡಿ ಮೇಡಂ," ಎಂದ ಅತುಲ್. "ಅವರ ಒಳ್ಳೇದಕ್ಕೇ."

ಇಂಪನಾ ಅಳುತ್ತ ತನ್ನ ದುಪಟ್ಟಾದಿಂದ ಅತ್ತೆಯ ಎಡಗೈಯನ್ನು ಮಂಚದ ಕಂಬಿಗೆ ಕಟ್ಟಿದಳು. ನೋಯದಂತೆ ಮಣಿಕಟ್ಟಿನ ಕೆಳಗೆ ಟವೆಲ್ ಮಡಿಸಿ ಇಟ್ಟಳು. ಆ ಗಂಟು ನೋಡುತ್ತ ಧನಲಕ್ಷ್ಮಿಗೆ, ತಾವೂ ವಾರ್ಡಿನಲ್ಲಿ ಹೀಗೇ ಕಟ್ಟಿಸಿದ್ದ ಕೈಗಳ ನೆನಪಾಯಿತು. ಆ ಜನರೆಲ್ಲ ಏನು ಹೇಳಲು ಹೊರಟಿದ್ದರೋ! ಗಂಟಲು ಹರಿಯುವಂತೆ ಕೂಗಿದರು. ವಾರ್ಡಿನಲ್ಲೆಲ್ಲ ಅದೇ ಒಂದು ಮಾತು ಕೇಳಿಸಿತು. ಯಾರೋ ಬಾಗಿಲ ಬಳಿ ನಕ್ಕರು. ಕೊನೆಗೆ ಅವರು ಕೂಗುವುದನ್ನು ಬಿಟ್ಟು ಬರೀ ನೋಡತೊಡಗಿದರು. ಬೆರಳ ತುದಿಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದವು.

ಪಕ್ಕದ ಮಂಚದಲ್ಲಿ ಗಾಂಧಿ ಬಜಾರಿನ ಅಂಗಡಿಯವರಾದ ಪೀರ್ ಬಾಷಾ ಮಲಗಿದ್ದರು. ಅವರಿಗೆ ಮಧ್ಯಾಹ್ನದ ಊಟ ತಂದ ಹೆಂಡತಿ ಅಖ್ತರ್ ಬೀ ಡಬ್ಬಿ ಬಿಚ್ಚುತ್ತ ಈ ಕಡೆ ನೋಡಿದರು. ಧನಲಕ್ಷ್ಮಿ ಅವರ ಕಣ್ಣನ್ನೇ ಹಿಡಿದುಕೊಂಡರು. ಅಲ್ಲಿಂದ ದೃಷ್ಟಿಯನ್ನು ತಮ್ಮ ಬಲಗೈಗೆ ಇಳಿಸಿದರು, ಮತ್ತೆ ಅವರ ಮುಖಕ್ಕೆ ಏರಿಸಿದರು, ಮತ್ತೆ ಕೈಗೆ. ಅಖ್ತರ್ ಬೀ ಡಬ್ಬಿ ಕೆಳಗಿಟ್ಟು ಎದ್ದು ಬಂದರು.

"ಯಾ ಅಲ್ಲಾ! ಇಲ್ ನೋಡು ಬೇಟಿ, ನಿಮ್ಮತ್ತೆ ಕೈ! ಮುಟ್ಟು ಒಂದ್ಸಲ, ಮಂಜುಗಡ್ಡೆ ಆಗಿದೆ! ಇವರು ಹುಚ್ಚಾಟ ಮಾಡ್ತಿಲ್ಲ, ನಮಗೆ ಏನೋ ಹೇಳ್ತಿದಾರೆ!"

ಅತುಲ್ ಓಡಿ ಬಂದ. ಪ್ಲಾಸ್ಟರ್ ಬಿಡಿಸಿದಾಗ ಅದರ ಜೊತೆಗೆ ಚರ್ಮದ ಒಂದು ಪದರ ಎದ್ದು ಬಂತು. ಹುಡುಗನ ಮುಖ ಬಿಳಿಚಿಕೊಂಡಿತು. ಅವಸರದಲ್ಲಿ ಗಾಲಿ ಮುಚ್ಚಿ ಸೂಜಿ ತೆಗೆಯುತ್ತಿದ್ದ ಅವನನ್ನು ಧನಲಕ್ಷ್ಮಿ ನೋಡಿದರು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವರಲ್ಲಿ ತ್ರಾಣ ಉಳಿದಿರಲಿಲ್ಲ.

ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಕೈಯನ್ನು ಉಳಿಸಲು ಕೊಯ್ದರು, ತೊಳೆದರು, ಕಾದರು. ಕೊನೆಗೆ ಕಪ್ಪಾಗಿದ್ದ ಬೆರಳುಗಳನ್ನು ತೆಗೆಯಲೇಬೇಕಾಯಿತು. ಹೆಬ್ಬೆರಳೊಂದು ಉಳಿಯಿತು.

ಹೀಗೇಕಾಯಿತೆಂದು ಮುರಳಿ ನರ್ಸಿಂಗ್ ಹೋಮಿಗೆ ಹೋಗಿ ಕೇಳಿದಾಗ ಶಿವಯೋಗಿಯವರು ಅವನನ್ನು ಕೂರಿಸಿ ಮೆತ್ತಗೆ ಹೇಳಿದರು. "ನೋಡಪ್ಪ, ನಿಮ್ಮ ತಾಯಿ ಡ್ರಿಪ್ ಎಳೆದಾಡಿದ್ದಾರೆ. ನಿಮ್ಮ ಮನೆಯವರೇ ನೋಡಿದ್ದಾರೆ. ಆಗ ಸೂಜಿ ಜಾರಿದೆ. ಪಾಪ, ಅವರಿಗೆ ತಿಳುವಳಿಕೆ ಇಲ್ಲ, ಏನ್ಮಾಡೋದು?"

ಮುರಳಿ ನಂಬಿದ. ಇಂಪನಾ ಇನ್ನೂ ಹೆಚ್ಚು ನಂಬಿದಳು. ಅಖ್ತರ್ ಬೀ ಆ ದಿನ ಹೇಳಿದ ಮಾತು ಗಾಬರಿಯಲ್ಲಿ ಯಾರ ಮನಸ್ಸಿನಲ್ಲೂ ನಿಲ್ಲಲಿಲ್ಲ. ಅವರ ಗಂಡನಿಗೆ ಗುಣವಾಗಿ ಅವರೂ ಮನೆಗೆ ಹೋಗಿದ್ದರು. ಧನಲಕ್ಷ್ಮಿಯನ್ನು ಜನ್ನಾಪುರದ ಮನೆಗೆ ಕರೆತಂದ ಮೇಲೆ, ದಿನವೂ ಗಾಯ ತೊಳೆದು ಬಟ್ಟೆ ಕಟ್ಟುವಾಗ ಇಂಪನಾ ಒಂದೇ ಮಾತು ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. "ನನ್ನದೇ ತಪ್ಪು ಅತ್ತೆ. ಮೊದ್ಲೇ ಕಟ್ಟಿಬಿಡ್ಬೇಕಿತ್ತು. ನೀವು ಕೈ ಹಾಕೋವರೆಗೂ ಬಿಟ್ಟೆನಲ್ಲ."

ಅದು ನಿನ್ನ ತಪ್ಪಲ್ಲ ಕಣೇ ಎನ್ನಲು ಧನಲಕ್ಷ್ಮಿಗೆ ಮಾತಿರಲಿಲ್ಲ. ಎಡಗೈಗೆ ಪೆನ್ನು ಕೊಟ್ಟರೆ ಅಕ್ಷರಗಳೂ ಮಾತಿನ ಹಾಗೇ ಎಲ್ಲೋ ಓಡಿಹೋಗುತ್ತಿದ್ದವು. ತಲೆ ಅಡ್ಡಡ್ಡ ಆಡಿಸಿದರೆ, ನೋವಿಗೆ ಹಾಗೆ ಮಾಡುತ್ತಾರೆ ಎಂದು ಇಂಪನಾ ಇನ್ನಷ್ಟು ಮೆಲ್ಲಗೆ ಕಟ್ಟುತ್ತಿದ್ದಳು. ಆ ಪ್ರೀತಿಯಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅದನ್ನು ತಡೆದುಕೊಳ್ಳುವುದು ಕಷ್ಟವಾಗುತ್ತಿತ್ತು.

ಒಂದು ಭಾನುವಾರ ಕಾರ್ಖಾನೆಯ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಹಾಲಮ್ಮ ನೋಡಲು ಬಂದರು. ಮಂಚದ ಪಕ್ಕ ಕೂತು, ಇಂಪನಾ ಹೇಳಿದ್ದನ್ನೆಲ್ಲ ಕೇಳಿ, ಸೆರಗಿನಿಂದ ಮೂಗೊರೆಸಿಕೊಂಡರು.

"ಏನ್ ಸಿಸ್ಟರ್, ನೀವೇ ಹಿಂಗ್ ಮಾಡ್ಕೊಂಡ್ರಾ? ಡ್ರಿಪ್ ಹಾಕಿದ ಕೈ ಅಲ್ಲಾಡಿಸ್ಬೇಡಿ ಅಂತ ಊರಿಗೆಲ್ಲ ಹೇಳ್ತಿದ್ರಿ!"

ಧನಲಕ್ಷ್ಮಿ ಹಾಲಮ್ಮನ ಮುಖವನ್ನೇ ನೋಡಿದರು. ಹಿಂದೆ ಆ ಹೆಂಗಸಿಗೆ ವಾರ್ಡಿನಲ್ಲಿ ಬಾಯಿ ತೆರೆದು ಏನನ್ನೂ ಹೇಳಬೇಕಾಗಿರಲಿಲ್ಲ, ಕಣ್ಣಿನ ಸನ್ನೆ ಸಾಕಿತ್ತು. ಅಖ್ತರ್ ಬೀಗೆ ಮಾಡಿದಂತೆಯೇ ಅವರು ದೃಷ್ಟಿಯನ್ನು ಬಟ್ಟೆ ಕಟ್ಟಿದ ಕೈಗೂ ಹಾಲಮ್ಮನ ಮುಖಕ್ಕೂ ಓಡಾಡಿಸಿದರು. ಹಾಲಮ್ಮ ಕರಗಿಹೋದರು. "ಹೌದು ನಮ್ಮವ್ವ, ನೋಡಿದೆ, ನೋಡಿದೆ. ಎಂಥ ಕೈ ಹೆಂಗಾಯ್ತು," ಎಂದು ಆ ಕೈಯನ್ನು ಸವರಿ ಬಿಕ್ಕಿದರು.

"ಡಾಕ್ಟರು ಮತ್ತೆ ಅಡ್ಮಿಟ್ ಮಾಡ್ಬೇಕಾಗ್ಬಹುದು ಅಂದಿದ್ದಾರೆ," ಎಂದಳು ಇಂಪನಾ. "ಎದೇಲಿ ಕಫ ಕಟ್ಟಿದೆ. ಡ್ರಿಪ್ ಹಾಕೋದಾದ್ರೆ ಈ ಸಲ ನಾನೇ ಹೇಳ್ತೀನಿ, ಶುರುವಿನಲ್ಲೇ ಕೈ ಕಟ್ಟಿಬಿಡಿ ಅಂತ."

"ಅದೇ ಒಳ್ಳೇದು ಮಾರಾಯ್ತಿ," ಎಂದರು ಹಾಲಮ್ಮ.

ಧನಲಕ್ಷ್ಮಿ ಎಡಗೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡರು. ಇಂಪನಾ ಅದನ್ನು ಗಮನಿಸಿದಳು. ಅತ್ತೆಗೆ ಚಳಿಯಾಗುತ್ತಿರಬೇಕು ಎಂದುಕೊಂಡು ಎದ್ದು ಫ್ಯಾನ್ ನಿಲ್ಲಿಸಿದಳು.